ಅವಧಾನಭಕ್ತಿಯೂ ಅಂಗೈಯ ಆಟವೂ

ಮಾನವನು ದೇವರಿಗೆ ಅರ್ಪಿಸಬಹುದಾದ ಪದಾರ್ಥಗಳಲ್ಲಿ ನಿಜವಾಗಿ ತನ್ನದೆನ್ನಬಹುದಾದುದು ಒಂದೇ. ಅದು ಅವನ ಗಮನ. ಪತ್ರೆ ಮರದ್ದು, ನೀರು ಬಾವಿಯದು, ಧನವಾದರೋ ಇಂದು ಇದ್ದು ನಾಳೆ ಇಲ್ಲವಾಗುವಂಥದು. ಇದನ್ನರಿತೇ ಷಟ್‌ಸ್ಥಲ ಸಿದ್ಧಾಂತವು ಶ್ರದ್ಧಾಭಕ್ತಿ ನಿಷ್ಠಾಭಕ್ತಿಗಳ ತರುವಾಯ ಪ್ರಸಾದಿಸ್ಥಲಕ್ಕೆ ಅವಧಾನಭಕ್ತಿಯನ್ನು ಹೇಳಿದೆ. ಅವಧಾನವೆಂದರೆ ಎಚ್ಚರದಿಂದ ಕೂಡಿದ ಗಮನ. ಇಂದ್ರಿಯಗಳಿಗೆ ಬಂದೊದಗಿದ ಶಬ್ದ ಸ್ಪರ್ಶ ರೂಪಾದಿಗಳನ್ನು ಮೊದಲು ಲಿಂಗಕ್ಕೆ ಅರ್ಪಿಸಿ, ಅನಂತರ ಪ್ರಸಾದವೆಂದು ಸ್ವೀಕರಿಸುವವನೇ ಪ್ರಸಾದಿ.

ಇಷ್ಟಲಿಂಗಪೂಜೆಯಲ್ಲಿ ಎಡದ ಅಂಗೈಯೇ ಪೀಠ. ಅಲ್ಲಿ ಲಿಂಗವನ್ನಿರಿಸಿ, ದೃಷ್ಟಿಯನ್ನು ಅದರಲ್ಲಿ ನೆಟ್ಟು, ಚಂಚಲವಾದ ಮನಸ್ಸನ್ನು ನೆಲೆಗೊಳಿಸುವುದು ಶಿವಯೋಗದ ಕ್ರಮ. ಇಂದು ಅದೇ ಅಂಗೈಗೆ ಮತ್ತೊಂದು ವಸ್ತುವು ಬಂದು ಕುಳಿತಿದೆ. ಶಿಡ್ಲಘಟ್ಟದ ಸೀಮೆಯಲ್ಲಿ ರೇಷ್ಮೆ ಬೆಳೆಯುವ ಒಂದು ಮನೆಯನ್ನು ನೆನೆಯೋಣ. ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದು ಹಸಿದಿವೆ. ತಾಯಿತಂದೆಗಳು ಹಿಪ್ಪುನೇರಳೆ ಸೊಪ್ಪು ಹಾಕುವುದರಲ್ಲಿ ತೊಡಗಿದ್ದಾರೆ. ಮೂಲೆಯಲ್ಲಿ ಮಗನು ಅಂಗೈಯಲ್ಲಿ ಮೊಬೈಲ್ ಹಿಡಿದು, ರೆಪ್ಪೆ ಬಡಿಯದೆ ವಿಡಿಯೋ ಆಟದಲ್ಲಿ ಮುಳುಗಿದ್ದಾನೆ. ತಾಯಿ ಮೂರು ಸಲ ಕರೆದರೂ ಅವನಿಗೆ ಕೇಳಿಸದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಗಳ ಮನೆಗಳಿಗೂ ಈ ನೋಟವು ಹೊಸದಲ್ಲ.

ಆಟವೇ ಪಾಪವೆಂದು ಗದರಿಸುವುದು ಸುಲಭ; ಆದರೆ ಶರಣರ ಮಾರ್ಗವು ಅಷ್ಟು ಒಣಗಿದುದಲ್ಲ. ವೇಷಗಳನ್ನು ಧರಿಸಿ ಆಡಿ ತೋರಿಸುವುದೇ ಬಹುರೂಪಿ ಚೌಡಯ್ಯನ ಕಾಯಕವಾಗಿತ್ತು. ಜನರನ್ನು ನಗಿಸುವುದು ನಗೆಯ ಮಾರಿತಂದೆಯ ಕಾಯಕವಾಗಿತ್ತು. ಆಟಕ್ಕೂ ನಗೆಗೂ ಅನುಭವಮಂಟಪದ ಬಾಗಿಲು ಮುಚ್ಚಿರಲಿಲ್ಲ. ಆದುದರಿಂದ ವಿಚಾರ ಮಾಡಬೇಕಾದ ಪ್ರಶ್ನೆಯೇ ಬೇರೆ. ಶಿವಯೋಗಿಯ ದೃಷ್ಟಿಯೂ ಅಂಗೈಯಲ್ಲಿದೆ, ಬಾಲಕನ ದೃಷ್ಟಿಯೂ ಅಂಗೈಯಲ್ಲಿದೆ. ಇಬ್ಬರೂ ಹೊರಗಿನದನ್ನು ಮರೆತಿದ್ದಾರೆ. ಹಾಗಾದರೆ ಒಂದನ್ನು ಯೋಗವೆಂದೂ ಮತ್ತೊಂದನ್ನು ವ್ಯಸನವೆಂದೂ ಕರೆಯುವುದು ಯಾವ ನ್ಯಾಯ?

ಭೇದವಿರುವುದು ಗಮನವು ಕೊಟ್ಟುದೋ, ಕಸಿದುಕೊಂಡುದೋ ಎಂಬಲ್ಲಿ. ಲಿಂಗವು ಯಾರನ್ನೂ ಕೂಗಿ ಕರೆಯುವುದಿಲ್ಲ, ಬಣ್ಣವನ್ನು ಬದಲಿಸುವುದಿಲ್ಲ, ಬಹುಮಾನದ ಆಸೆಯನ್ನು ತೋರಿಸುವುದಿಲ್ಲ. ಮನಸ್ಸು ಸರಿದಾಗಲೆಲ್ಲ ಅದನ್ನು ಹಿಂದಕ್ಕೆ ತರುವ ಶ್ರಮವು ಪೂಜಿಸುವವನದೇ. ಆ ಶ್ರಮದಿಂದಲೇ ಅವನು ಬಲಗೊಳ್ಳುತ್ತಾನೆ. ಈ ಆಟಗಳಲ್ಲಿ ಹಲವನ್ನಾದರೋ ಬಿಡಲಾಗದಂತೆಯೇ ರಚಿಸಿರುತ್ತಾರೆ. ಒಂದು ಹಂತ ಮುಗಿಯುವಷ್ಟರಲ್ಲಿ ಮತ್ತೊಂದು ತೆರೆಯುತ್ತದೆ. ಬಹುಮಾನವು ಯಾವಾಗ ಬರುವುದೆಂದು ತಿಳಿಯದ ಕಾರಣ ಮತ್ತೊಮ್ಮೆ ಆಡಬೇಕೆನಿಸುತ್ತದೆ. ಅಲ್ಲಿ ಮನಸ್ಸು ನಿಂತಿರುವುದು ತನ್ನ ಬಲದಿಂದಲ್ಲ, ಕಟ್ಟಿದ ಹಗ್ಗದಿಂದ. ಅದಕ್ಕೆ ಪರೀಕ್ಷೆಯೂ ಉಂಟು: ಪೂಜೆಯಿಂದ ಎದ್ದವನು ಕರೆದ ತಾಯಿಗೆ ಶಾಂತನಾಗಿ ಓಗೊಡುತ್ತಾನೆ, ಆಟದಿಂದ ಎಬ್ಬಿಸಿದವನು ಸಿಡುಕುತ್ತಾನೆ.

ವೈದ್ಯಶಾಸ್ತ್ರವೂ ಈ ಭೇದವನ್ನೇ ಗುರುತಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವೂ ಸೇರಿದೆ. ಅದರ ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿಯನ್ನು ಕಂಡರೂ ಬಿಡದಿರುವುದು. ಆಡುವವರೆಲ್ಲರೂ ರೋಗಿಗಳಲ್ಲ, ಹಿಡಿತ ತಪ್ಪಿದವರಿಗೆ ಮಾತ್ರ ಆ ಹೆಸರು. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಹಣವನ್ನು ಪಣವಾಗಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿತು. ಇದೆಲ್ಲವೂ ಬೇಕಾದುದೇ. ಆದರೂ ಕಾಯಿದೆಯು ಪಣವನ್ನು ತಡೆಯಬಲ್ಲುದೇ ಹೊರತು ದೃಷ್ಟಿಯನ್ನು ತಿರುಗಿಸಲಾರದು.

ಅಕ್ಕಮಹಾದೇವಿಯು ರೇಷ್ಮೆಯ ಹುಳುವನ್ನು ತನ್ನ ವಚನವೊಂದರಲ್ಲಿ ದೃಷ್ಟಾಂತವಾಗಿ ತೆಗೆದುಕೊಂಡಿದ್ದಾಳೆ. ಅದರ ಅರ್ಥವು ಈ ಸೀಮೆಯವರಿಗೆ ವ್ಯಾಖ್ಯಾನವಿಲ್ಲದೆ ತಿಳಿಯುವಂಥದು. ಚಂದ್ರಿಕೆಗೆ ಏರಿದ ಹುಳುವು ಎರಡು ಮೂರು ದಿನ ಎಡೆಬಿಡದೆ ನೂರಾರು ಮೀಟರು ಎಳೆಯನ್ನು ಸುತ್ತುತ್ತದೆ. ಅದರ ಏಕಾಗ್ರತೆಯಲ್ಲಿ ಕೊರತೆಯಿಲ್ಲ. ಆದರೆ ಕಟ್ಟಿದ ಮನೆಯೇ ಅದಕ್ಕೆ ಸೆರೆಯಾಗುತ್ತದೆ. ಅದೇ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವವರ ಏಕಾಗ್ರತೆಯನ್ನೂ ನೋಡಬೇಕು. ಎಳೆಯ ತುದಿಯನ್ನು ಹುಡುಕಿ, ಹಲವು ಎಳೆಗಳನ್ನು ಕೂಡಿಸಿ, ಒಂದು ಮುಗಿದೊಡನೆ ಮತ್ತೊಂದನ್ನು ಸೇರಿಸಬೇಕು. ಕಣ್ಣು ತಪ್ಪಿದರೆ ನೂಲು ಕೆಡುತ್ತದೆ. ಹುಳುವಿನ ಎಳೆ ಬಂಧನವಾಯಿತು, ಬಿಚ್ಚುವವರ ಎಳೆ ಕಾಯಕವಾಯಿತು. ಎಳೆ ಒಂದೇ; ಎಚ್ಚರ ಬೇರೆ.

ಇನ್ನು ದೋಷವನ್ನು ಮಕ್ಕಳ ಮೇಲೆಯೇ ಹೊರಿಸುವುದು ಧರ್ಮವಲ್ಲ. 2020ರಲ್ಲಿ ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮಕ್ಕಳ ಕೈಗೆ ಮೊಬೈಲನ್ನು ಕೊಟ್ಟವರು ಹಿರಿಯರೇ. ಮಠದಲ್ಲಿ ಪ್ರವಚನ ನಡೆಯುತ್ತಿರುವಾಗ ಸದ್ದಿಲ್ಲದೆ ಬೆರಳಾಡಿಸುವವರಲ್ಲಿ ನರೆತ ತಲೆಗಳೂ ಉಂಟು. ಪೂಜೆಯನ್ನು ಕಣ್ಣಿನಿಂದ ನೋಡುವ ಮೊದಲೇ ಚಿತ್ರ ತೆಗೆಯುವವರುಂಟು. ದಾಸೋಹದ ಪಂಕ್ತಿಯಲ್ಲಿ ಕುಳಿತು, ಬಡಿಸಿದವರ ಮುಖವನ್ನು ನೋಡದೆ ಉಂಡೇಳುವವರುಂಟು. ಅಂಥ ಊಟವು ಹೊಟ್ಟೆಯನ್ನು ತುಂಬೀತು, ಪ್ರಸಾದವಾಗದು. ತಂದೆಯ ಅಂಗೈಯು ಬಿಡುವಾಗಿಲ್ಲದಿರುವಾಗ ಮಗನ ಅಂಗೈಯನ್ನು ಬರಿದುಮಾಡುವ ಅಧಿಕಾರವು ಅವನಿಗೆ ಎಲ್ಲಿಂದ ಬಂದೀತು?

ಚಿಂತಾಮಣಿಯ ಸಮೀಪದ ಕೈವಾರದಲ್ಲಿ ಬಳೆ ಮಾರುತ್ತಿದ್ದ ನಾರಾಯಣಪ್ಪನವರಿಗೆ ಗುರುವು ಬೆಣಚುಕಲ್ಲೊಂದನ್ನು ಕೊಟ್ಟು, ಅದನ್ನು ಬಾಯಲ್ಲಿರಿಸಿಕೊಂಡು ಜಪಿಸೆಂದನೆಂದೂ, ಕೊನೆಗೆ ಆ ಕಲ್ಲು ಕಲ್ಲುಸಕ್ಕರೆಯಾಯಿತೆಂದೂ ಐತಿಹ್ಯವುಂಟು. ಮೊದಲ ದಿನ ಅದು ಬರಿಯ ಕಲ್ಲೇ. ಲಿಂಗಪೂಜೆಯೂ, ಓದೂ, ಹೊಲದ ಕೆಲಸವೂ ಮಕ್ಕಳಿಗೆ ಮೊದಮೊದಲು ಹಾಗೆಯೇ ರುಚಿಯಿಲ್ಲದವು. ಆಟವು ಮೊದಲ ಕ್ಷಣದಲ್ಲಿಯೇ ಸಿಹಿ. ಈ ಬೇಸರವನ್ನು ದಾಟುವವರೆಗೆ ಹಿರಿಯರು ಅವರ ಜೊತೆಯಲ್ಲಿ ಕುಳಿತಿರಬೇಕು. ದೂರದಿಂದ ಅಪ್ಪಣೆ ಮಾಡಿದರೆ ಸಾಲದು.

ಆದಕಾರಣ ಆಟವನ್ನು ಸುಡಬೇಕಾದುದಿಲ್ಲ, ಅದನ್ನು ಅರ್ಪಿತಕ್ಕೆ ತರಬೇಕು. ಕರೆದಾಗ ಕೆಳಗಿಡಬಲ್ಲ ಆಟವು ಪ್ರಸಾದ. ಕೆಳಗಿಡಲಾರದ್ದು, ಅದು ಆಟವೇ ಇರಲಿ, ಸಂಪಾದನೆಯೇ ಇರಲಿ, ಅನರ್ಪಿತ. ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲರ ಮೊಬೈಲುಗಳೂ ಒಂದು ಗೂಡಿನಲ್ಲಿ ಕೂಡಿರಲಿ; ಮೊದಲನೆಯದನ್ನು ಮನೆಯ ಯಜಮಾನನೇ ಇಡಲಿ. ಬರಿದಾದ ಅಂಗೈಗೆ ಆಗ ಲಿಂಗವು ಬಂದೀತು, ಮಗುವಿನ ಕೈಯೂ ಬಂದೀತು.