ಯೋಜನೆ ಬದಲಾದಾಗ ನೌಕರನ ಗತಿ

ಬಡವರಿಗೆ ವಸ್ತುವನ್ನು ದಾನವಾಗಿ ಕೊಡದೆ, ಅವರು ಕೊಳ್ಳುವ ಮತ್ತು ಮಾರುವ ಪೇಟೆಯನ್ನೇ ಅವರಿಗೆ ಅನುಕೂಲವಾಗುವಂತೆ ತಿದ್ದುವ ಯೋಜನೆಗಳಿವೆ. ಬಾಂಗ್ಲಾದೇಶದಲ್ಲಿ 2002ರಿಂದ 2018ರವರೆಗೆ ಸ್ವಿಟ್ಜರ್ಲೆಂಡ್, ಬ್ರಿಟನ್ ಮೊದಲಾದ ದೇಶಗಳ ನೆರವಿನಿಂದ ನಡೆದ ‘ಕ್ಯಾಟಲಿಸ್ಟ್’ ಇವುಗಳಲ್ಲಿ ಪ್ರಸಿದ್ಧವಾದುದು. ತಾನೇ ತರಕಾರಿ ಬೀಜ ಹಂಚುವ ಬದಲು, ಹಿತ್ತಿಲಲ್ಲಿ ಬೆಳೆಯುವವರೂ ಕೊಳ್ಳಬಲ್ಲ ಸಣ್ಣ ಪೊಟ್ಟಣಗಳನ್ನು ಬೀಜದ ಕಂಪನಿಗಳು ಮಾರುವಂತೆ ಅದು ಪ್ರೇರೇಪಿಸಿತು; ರೈತರು ಸಲಹೆ ಕೇಳುವ ಅಂಗಡಿಯವರಿಗೆ ತರಬೇತಿ ಕೊಡಿಸಿತು.

ಇಂತಹ ಕಾರ್ಯದಲ್ಲಿ ಯಾವ ವ್ಯಾಪಾರಿ ಒಪ್ಪುವನು, ಯಾವ ಪ್ರಯತ್ನ ವಿಫಲವಾಗುವುದು ಎಂಬುದನ್ನು ಮೊದಲೇ ಬರೆದಿಡಲಾಗದು. ಆದುದರಿಂದ ಯೋಜನೆಗೆ ಮಾರ್ಗ ಬದಲಿಸುವ ಸ್ವಾತಂತ್ರ್ಯ ಬೇಕು. ಆದರೆ ಆ ಬದಲಾವಣೆಯ ಭಾರವನ್ನು ಹೊರುವವರಾರು? ಉದಾಹರಣೆಗೆ, ಮೀನು ಸಾಕಣೆಯ ಕೆಲಸಕ್ಕೆಂದೇ ಒಬ್ಬನನ್ನು ನೇಮಿಸಿ, ಅದು ನಿಂತೊಡನೆ ಅವನ ಸಂಬಳವೂ ನಿಲ್ಲುವುದೆಂದಾದರೆ, ಪ್ರಯತ್ನ ಫಲಿಸಲಿಲ್ಲವೆಂದು ವರದಿಯಲ್ಲಿ ಬರೆಯುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ಸಂಸಾರವಂದಿಗನಾದ ಅವನಿಂದ ಸತ್ಯವನ್ನು ಅಪೇಕ್ಷಿಸುತ್ತೇವೆ. ಅದರ ಬೆಲೆಯನ್ನು ಅವನೊಬ್ಬನೇ ತೆರಲಿ ಎನ್ನುತ್ತೇವೆ. (ಈ ಬೆಲೆಗೆ ಲೆಕ್ಕದ ಪುಸ್ತಕದಲ್ಲಿ ಅಂಕಣವೇ ಇಲ್ಲ!) ಸುಳ್ಳು ವರದಿಯ ನಷ್ಟವಾದರೋ, ಯಾರ ಹೆಸರಿನಲ್ಲಿ ಹಣ ತರಲಾಯಿತೋ ಆ ಬಡವನಿಗೇ.

ನೌಕರಿ ಭದ್ರವಾದರೆ ಆಲಸ್ಯ ಹೆಚ್ಚುವುದೆಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೂ ನೌಕರನನ್ನು ಒಂದೇ ಬೆಳೆಗೆ ಕಟ್ಟಿಹಾಕದೆ ಯೋಜನೆಯ ಪೂರ್ಣಾವಧಿಗೆ ನೇಮಿಸಿ, ಒಂದು ಕೆಲಸ ನಿಂತಾಗ ಇನ್ನೊಂದನ್ನು ಒಪ್ಪಿಸುವುದು ಸಾಧ್ಯ. ವಿಶೇಷ ತಜ್ಞರನ್ನು ಅಲ್ಪಕಾಲಕ್ಕೆ ಕರೆಸಿಕೊಳ್ಳಬಹುದು. ಹೊಸ ಕೆಲಸ ಕಲಿಸುವ ತಿಂಗಳುಗಳ ಖರ್ಚನ್ನು ಆರಂಭದ ಅಂದಾಜಿನಲ್ಲಿಯೇ ಸೇರಿಸುವುದು ಹಣ ಕೊಡುವವರ ಹೊಣೆ.