ಹೆಸರಿಲ್ಲದವರ ಸಾವು

ಹರಿಹರದ ಹರಿಹರೇಶ್ವರ ಗುಡಿಯನ್ನು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಆ ಊರಿನ ಸ್ಥಳಪುರಾಣದ ನಡುವೆ ಇರುವುದು ಒಂದು ಕೊಲೆಯೇ: ಹರಿಯಿಂದಲೂ ಹರನಿಂದಲೂ ಸಾವಿಲ್ಲದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾದರು. ಹಾಗಾಗಿ, ಪಕ್ಕದ ದಾವಣಗೆರೆಯ ಹುಡುಗನೊಬ್ಬ ಸಮುರಾಯ್ ಕಥೆಯ ವಿಡಿಯೊ ಗೇಮ್ ‘ಘೋಸ್ಟ್ ಆಫ್ ತ್ಸುಶಿಮಾ’ (2020) ಆಡಿದರೆ, ಅದರಲ್ಲಿ ರಕ್ತವಿದೆ ಎಂಬ ಒಂದೇ ಕಾರಣಕ್ಕೆ ದೂರುವುದು ನ್ಯಾಯವಲ್ಲ. ಪುರಾಣ ಕೇಳುವವನು ಕೊಲ್ಲುವುದಿಲ್ಲ, ಆಡುವವನೇ ಗುಂಡಿ ಒತ್ತಿ ಕೊಲ್ಲುತ್ತಾನೆ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಆದರೆ ಕಥಾನಾಯಕನನ್ನು ಸಾಕಿದ ಮಾವನನ್ನು ಕೊಲ್ಲಬೇಕೋ ಉಳಿಸಬೇಕೋ ಎಂದು ಕೊನೆಯಲ್ಲಿ ತೀರ್ಮಾನಿಸುವುದೂ ಅದೇ ಬೆರಳು. ಧರ್ಮಸಂಕಟ ಅಲ್ಲಿ ಕೈಗೇ ತಟ್ಟುತ್ತದೆ. ನನ್ನನ್ನು ಕಾಡುವುದು ಅದಕ್ಕೂ ಮುಂಚಿನ ಗಂಟೆಗಳು. ಹೆದರಿ ಹಿಂದಕ್ಕೆ ತೆವಳುವ ಎದುರಾಳಿ ಮಂಗೋಲ್ ಸೈನಿಕನನ್ನೂ ಕಡಿದು ಮುಂದೆ ಹೋಗಬಹುದು, ಅವನಿಗೆ ಹೆಸರಿಲ್ಲ. ಗುಹಾಸುರನ ಹೆಸರನ್ನಾದರೂ ಹರಿಹರ ಉಳಿಸಿಕೊಂಡಿದೆ.