ಚೀಲ ಎಷ್ಟು ಹಗುರವಾಗಿರಬೇಕು?



ಆಗಸ್ಟ್ 29ರಂದು ವೇಳಾಂಕಣ್ಣಿಯಲ್ಲಿ ಆರೋಗ್ಯ ಮಾತೆಯ ಹಬ್ಬದ ಧ್ವಜ ಏರುತ್ತದೆ. ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದ ದಿನ, ಹಬ್ಬ ಮುಗಿಯುತ್ತದೆ. ಅದಕ್ಕೆ ಎಷ್ಟೋ ದಿನ ಮುಂಚೆಯೇ ನಮ್ಮ ಹೊಸೂರು ಸೀಮೆಯಿಂದಲೂ ಬೆಂಗಳೂರಿನ ಕಡೆಯಿಂದಲೂ ಕಾವಿ ಉಟ್ಟ ಭಕ್ತರು ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಹೊರಡುವ ಮುನ್ನ ಮನೆಮನೆಯಲ್ಲೂ ಏಳುವ ಪ್ರಶ್ನೆ ಚೀಲದ್ದು. ಯಾವ ಬ್ಯಾಗ್ ಕೊಳ್ಳುವುದು? ಅದರಲ್ಲಿ ಏನೇನು ತುಂಬುವುದು? ಇದು ಅಂಗಡಿಯ ಪ್ರಶ್ನೆಯಂತೆ ಕಾಣುತ್ತದೆ. ಸ್ವಲ್ಪ ಯೋಚಿಸಿದರೆ ವಿಶ್ವಾಸದ ಪ್ರಶ್ನೆಯೂ ಹೌದು ಎಂದು ನಮಗೆ ತೋರುತ್ತದೆ.

ಮೊದಲು ಲೆಕ್ಕ ನೋಡೋಣ. ಸ್ಪೇನ್ ದೇಶದಲ್ಲಿ ಪ್ರೇಷಿತ ಸಂತ ಯಕೋಬರ ಸಮಾಧಿಯಿದೆಯೆಂದು ಗೌರವಿಸಲಾಗುವ ಸಂತಿಯಾಗೊ ಮಹಾದೇವಾಲಯಕ್ಕೆ ಶತಮಾನಗಳಿಂದ ಯಾತ್ರಿಕರು ನಡೆದು ಹೋಗುತ್ತಿದ್ದಾರೆ. ಬೆನ್ನಿನ ಚೀಲವು ದೇಹತೂಕದ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದು ಎಂಬುದು ಇಂದು ಆ ದಾರಿಯವರ ರೂಢಿಯ ಮಾತು. 60 ಕಿಲೋ ತೂಗುವವರಿಗೆ 6 ಕಿಲೋ. ಅದರಲ್ಲಿ ಎರಡು ಲೀಟರ್ ನೀರೇ 2 ಕಿಲೋ. 60 ಲೀಟರಿನ ದೊಡ್ಡ ಟ್ರೆಕ್ಕಿಂಗ್ ಬ್ಯಾಗ್ ಖಾಲಿಯಿದ್ದಾಗಲೇ ಸುಮಾರು 2 ಕಿಲೋ ತೂಗುತ್ತದೆ. ಇನ್ನುಳಿದದ್ದು 2 ಕಿಲೋ ಮಾತ್ರ. 30 ಲೀಟರಿನ ಹಗುರ ಬ್ಯಾಗುಗಳಲ್ಲಿ ಒಂದು ಕಿಲೋಗಿಂತ ಕಡಿಮೆ ತೂಗುವಂಥವೂ ಸಿಗುತ್ತವೆ. ನಮ್ಮ ಯಾತ್ರೆಗೆ ಡೇರೆ ಬೇಡ, ಒಲೆ ಬೇಡ. ಅಷ್ಟು ಜಾಗ ಧಾರಾಳವಾಗಿ ಸಾಕು. ದೊಡ್ಡ ಬ್ಯಾಗಿನದು ಇನ್ನೊಂದು ತೊಂದರೆಯಿದೆ. ಅದರಲ್ಲಿ ಖಾಲಿ ಜಾಗ ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ.

ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಸೊಂಟಪಟ್ಟಿ ನೋಡಬೇಕು. ಶಾಲೆಯ ಬ್ಯಾಗಿನಲ್ಲಿ ಭಾರವೆಲ್ಲ ಹೆಗಲಿಗೆ ಬೀಳುತ್ತದೆ. ಒಳ್ಳೆಯ ಸೊಂಟಪಟ್ಟಿಯಿದ್ದರೆ ಬಹುಪಾಲು ಭಾರ ಸೊಂಟದ ಮೂಳೆಗೆ ಇಳಿದು, ಹೆಗಲು ಬಿಡುವು ಪಡೆಯುತ್ತದೆ. ಕತ್ತಿನ ಬುಡದಲ್ಲಿ ಉಬ್ಬಿದ ಮೂಳೆಯಿಂದ ಸೊಂಟದ ಮೂಳೆಯ ಮಟ್ಟದವರೆಗೆ ನಮ್ಮ ಬೆನ್ನಿನ ಉದ್ದ ಎಷ್ಟಿದೆಯೋ ಅದಕ್ಕೆ ಬ್ಯಾಗ್ ಹೊಂದಬೇಕು. ಎತ್ತರದ ಅಣ್ಣನಿಗೆ ಸರಿಯಾದದ್ದು ಗಿಡ್ಡ ತಂಗಿಗೆ ಸರಿಯಾಗುವುದಿಲ್ಲ. ಭಾರದ ವಸ್ತುವನ್ನು ಬೆನ್ನಿಗೆ ಒತ್ತಿ ಇಡಬೇಕು; ಹೊರಗಡೆ ಇಟ್ಟರೆ ಅದು ಹಿಂದಕ್ಕೆ ಎಳೆಯುತ್ತದೆ. ಮಳೆ ಬಂದರೆ ಬಟ್ಟೆ ನೆನೆಯದಂತೆ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಹಾಸಿದರೆ ಸಾಕು. ದಪ್ಪ ಟವೆಲಿಗಿಂತ ತೆಳು ಪಂಚೆ ಒಳ್ಳೆಯದು: ಮೈ ಒರೆಸಲು, ಹೊದೆಯಲು, ಬಿಸಿಲಿಗೆ ತಲೆಗೆ ಸುತ್ತಲು ಒಂದೇ ಬಟ್ಟೆ, ಬೇಗ ಒಣಗುತ್ತದೆ. ಹೀಗೆ ತುಂಬಿದ ಚೀಲವನ್ನು ಹೊತ್ತು ಒಂದೆರಡು ಭಾನುವಾರ ಬಲಿಪೂಜೆಗೆ ನಡೆದು ಬಂದರೆ, ಯಾವುದು ಬೇಡವೆಂದು ಬೆನ್ನೇ ಹೇಳುತ್ತದೆ.

ಇಷ್ಟಾದ ಮೇಲೂ ಚೀಲ ಭಾರವಾಗುವುದೇಕೆ? ಚೀಲದಲ್ಲಿರುವ ಒಂದೊಂದು ವಸ್ತುವಿನ ಹಿಂದೆಯೂ 'ಒಂದು ವೇಳೆ' ಎಂಬ ಮಾತಿದೆ. ಒಂದು ವೇಳೆ ಊಟ ಸಿಗದಿದ್ದರೆ, ಒಂದು ವೇಳೆ ಚಪ್ಪಲಿ ಕಿತ್ತರೆ, ಒಂದು ವೇಳೆ ಯಾರೂ ಸಹಾಯಕ್ಕೆ ಬಾರದಿದ್ದರೆ. ಈ ಕೊನೆಯ 'ಒಂದು ವೇಳೆ' ಎಲ್ಲಕ್ಕಿಂತ ಹೆಚ್ಚು ತೂಗುತ್ತದೆ. ಹತ್ತು ಜನ ಒಟ್ಟಿಗೆ ನಡೆಯುವಾಗ ಹತ್ತು ಔಷಧಿ ಡಬ್ಬಿ, ಹತ್ತು ಟಾರ್ಚು, ಹತ್ತು ಸೋಪು ಹೊತ್ತಿದ್ದರೆ, ಆ ಹತ್ತು ಜನ ಜತೆಯಲ್ಲಿ ನಡೆಯುತ್ತಿದ್ದರೂ ಒಬ್ಬರನ್ನೊಬ್ಬರು ಇನ್ನೂ ನಂಬಿಲ್ಲ ಎಂದೇ ಅರ್ಥ. ನಂಬಿಕೆ ಕಡಿಮೆಯಾದಷ್ಟೂ ಚೀಲ ದಪ್ಪವಾಗುತ್ತದೆ.

ಯೇಸುಸ್ವಾಮಿ ಹನ್ನೆರಡು ಮಂದಿಯನ್ನು ಕಳುಹಿಸಿದಾಗ ಚೀಲ ಬೇಡ, ರೊಟ್ಟಿ ಬೇಡ, ಹಣ ಬೇಡ ಎಂದರು. ಮಾರ್ಕನ ಶುಭಸಂದೇಶದಲ್ಲಿ ಊರುಗೋಲಿಗೆ ಅನುಮತಿಯಿದೆ. ಮತ್ತಾಯ ಮತ್ತು ಲೂಕರಲ್ಲಿ ಅದೂ ಇಲ್ಲ. ಆದ್ದರಿಂದ ಇದನ್ನು ನಾವು ಸಾಮಾನಿನ ಪಟ್ಟಿಯೆಂದು ಓದಬೇಕಿಲ್ಲ. ಏನೂ ಇಲ್ಲದೆ ಹೋದವನು ಯಾರದೋ ಮನೆಯ ಬಾಗಿಲು ತಟ್ಟಲೇಬೇಕು, ಅವರು ಕೊಟ್ಟದ್ದನ್ನು ಉಣ್ಣಲೇಬೇಕು. ಶಿಷ್ಯರು ಪರರ ಔದಾರ್ಯಕ್ಕೆ ತಮ್ಮನ್ನು ಒಪ್ಪಿಸಿಕೊಂಡು ಕಲಿಯಲಿ ಎಂಬುದೇ ಆ ಮಾತಿನ ತಿರುಳು. ಆದರೆ ಅದೇ ಲೂಕನ 22ನೇ ಅಧ್ಯಾಯದಲ್ಲಿ, ಕಡೆಯ ಭೋಜನದ ರಾತ್ರಿ, ಚೀಲ ಇದ್ದವರು ತೆಗೆದುಕೊಂಡು ಹೋಗಲಿ ಎಂದೂ ಸ್ವಾಮಿಯೇ ಹೇಳುತ್ತಾರೆ. ಹಗುರವಾಗಿ ಹೋಗುವುದಕ್ಕೂ ಒಂದು ಕಾಲ, ಸಿದ್ಧರಾಗಿ ಹೋಗುವುದಕ್ಕೂ ಒಂದು ಕಾಲ.

ಅಮೆರಿಕದ ಒಹಾಯೋ ರಾಜ್ಯದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿಯ ಕಥೆ ಇಲ್ಲಿ ನೆನಪಾಗುತ್ತದೆ. ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, 67ನೇ ವಯಸ್ಸಿನಲ್ಲಿ, 3,200 ಕಿಲೋಮೀಟರಿಗೂ ಉದ್ದದ ಅಪಲಾಚಿಯನ್ ಕಾಲುದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ತಾವೇ ಹೊಲಿದ ಡೆನಿಮ್ ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದರು. ಡೇರೆಯ ಬದಲು ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಹಗುರ ಚೀಲದ ನಡಿಗೆಗೆ ಅವರನ್ನು ಇಂದಿಗೂ ಉದಾಹರಿಸುತ್ತಾರೆ. ಆದರೆ ಆ ಚೀಲ ಅಷ್ಟು ಚಿಕ್ಕದಾಗಿದ್ದುದಕ್ಕೆ ಅಜ್ಜಿಯ ಗಟ್ಟಿತನದ ಜತೆಗೆ ಇನ್ನೊಂದು ಕಾರಣವಿತ್ತು: ದಾರಿಯಲ್ಲಿ ಎಷ್ಟೋ ಅಪರಿಚಿತರು ಅವರಿಗೆ ಊಟ ಹಾಕಿದರು, ಮಲಗಲು ಜಾಗ ಕೊಟ್ಟರು. ಅಜ್ಜಿ ಹೊರದ ಭಾರದಲ್ಲಿ ಒಂದಷ್ಟನ್ನು ಆ ಮನೆಗಳು ಹೊತ್ತವು.

ಇಲ್ಲಿಯೇ ನಮ್ಮ ಪ್ರಶ್ನೆ ಕಠಿಣವಾಗುತ್ತದೆ. ನನ್ನ ಚೀಲದಲ್ಲಿ ಇಲ್ಲದ ಭಾರ ಎಲ್ಲಿಗೆ ಹೋಯಿತು? ಬೇಡದ್ದನ್ನು ಮನೆಯಲ್ಲೇ ಬಿಟ್ಟರೆ ಆ ಭಾರ ನಿಜವಾಗಿಯೂ ಇಲ್ಲವಾಗುತ್ತದೆ. ಬೇಕಾದದ್ದನ್ನು ಬಿಟ್ಟು, ದಾರಿಯಲ್ಲಿ ಪಕ್ಕದವರ ನೀರಿಗೆ, ಪಕ್ಕದವರ ಮಾತ್ರೆಗೆ ಕೈ ಚಾಚಿದರೆ ಆ ಭಾರ ಅವರ ಹೆಗಲಿಗೆ ಹೋಯಿತು. ಗುಂಪಿನ ಹಿಂದೆ ಸಾಮಾನು ತರುವ ವ್ಯಾನ್ ಇದ್ದರೆ, ಬರಿಗೈಯಲ್ಲಿ ನಡೆಯುವವರು ಒಂದು ಮಾತು ನೆನೆಯಬೇಕು: ನಸುಕಿಗೆ ಎದ್ದು ಪಾತ್ರೆ, ಹಾಸಿಗೆ ಏರಿಸುವವರು ಯಾರೋ ಇದ್ದಾರೆ. ವ್ಯಾನ್ ತಪ್ಪಲ್ಲ. ಮೊಣಕಾಲು ನೋವಿನ ಅಮ್ಮನಿಗೆ, ಸಕ್ಕರೆ ಕಾಯಿಲೆಯ ಅಪ್ಪನಿಗೆ ಅದು ದೇವರ ಕೃಪೆ. ಗಟ್ಟಿಮುಟ್ಟಾದ ಹುಡುಗರು ತಮ್ಮ ಚೀಲವನ್ನೂ ಅದಕ್ಕೆ ಎಸೆದು, ಹಗುರವಾಗಿ ನಡೆದೆವೆಂದು ಹೆಮ್ಮೆಪಡುವುದು ಮಾತ್ರ ಸಲ್ಲದು.

ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಈ ಗಂಟನ್ನು ಬಿಡಿಸಿದ್ದಾರೆ. ಎರಡನೇ ವಚನದಲ್ಲಿ ಒಬ್ಬರ ಭಾರವನ್ನು ಒಬ್ಬರು ಹೊರಬೇಕೆನ್ನುತ್ತಾರೆ. ಐದನೇ ವಚನದಲ್ಲಿ ತನ್ನ ಹೊರೆಯನ್ನು ತಾನೇ ಹೊರಬೇಕೆನ್ನುತ್ತಾರೆ. ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧ. ಆದರೆ ಗ್ರೀಕ್ ಮೂಲದಲ್ಲಿ ಎರಡು ಬೇರೆ ಪದಗಳಿವೆ. ಮೊದಲನೆಯದು 'ಬಾರೊಸ್', ಒಬ್ಬನನ್ನು ಕುಗ್ಗಿಸುವ ಭಾರ. ಎರಡನೆಯದು 'ಫೊರ್ತಿಯೊನ್', ಒಬ್ಬೊಬ್ಬರಿಗೆ ಸಲ್ಲುವ ಹೊರೆ. ಹತ್ತು ಕನ್ಯೆಯರ ಸಾಮತಿಯಲ್ಲಿ ಜಾಣೆಯರು ಎಣ್ಣೆ ಹಂಚಿಕೊಳ್ಳಲಿಲ್ಲ ಎಂಬುದು ನಮ್ಮಲ್ಲಿ ಅನೇಕರಿಗೆ ಕಸಿವಿಸಿಯ ಮಾತು. ಕೆಲವು ಸಂಗತಿಗಳು ಆ ಎಣ್ಣೆಯಂತೆಯೇ. ನಿತ್ಯದ ಬಿ.ಪಿ. ಮಾತ್ರೆ, ಕನ್ನಡಕ, ಕಾಲಿಗೆ ಹೊಂದಿದ ಚಪ್ಪಲಿ, ನಮ್ಮ ಹರಕೆ, ನಮ್ಮ ಪಶ್ಚಾತ್ತಾಪ: ಇವನ್ನು ಬೇರೆಯವರಿಂದ ಎರವಲು ತರಲಾಗದು. ಟಾರ್ಚು, ಔಷಧಿ ಡಬ್ಬಿ, ಸೂಜಿದಾರ, ಸೋಪು: ಇವನ್ನು ಹಂಚಿಕೊಂಡು ಹೊರಬಹುದು. ಯಾವುದು ಯಾವ ಬಗೆಯದೆಂದು ತಿಳಿಯುವುದೇ ವಿವೇಕ. ಧರ್ಮಸಭೆ ವಿವೇಕವನ್ನು ಸದ್ಗುಣಗಳಲ್ಲಿ ಮುಖ್ಯವಾದುದೆಂದು ಎಣಿಸುವುದು ಸುಮ್ಮನೆ ಅಲ್ಲ.

ನಮ್ಮ ಗುಂಪುಗಳಲ್ಲಿ ತಮಿಳರ ನಡುವೆ ಕನ್ನಡದವರು ಕೆಲವರೇ ಇರುತ್ತಾರೆ. ದೊಡ್ಡ ಗುಂಪಿನವರು ಹೇಗೂ ನೋಡಿಕೊಳ್ಳುತ್ತಾರೆಂದು ಕೈಬೀಸಿಕೊಂಡು ಹೋಗುವುದೂ ಸುಲಭ. ಅವರನ್ನು ನೆಚ್ಚುವುದು ಬೇಡವೆಂದು ಎಲ್ಲವನ್ನೂ ನಾವೇ ಹೊತ್ತು ಬೇರೆಯಾಗಿ ನಡೆಯುವುದೂ ಸುಲಭ. ಎರಡೂ ಬೇಡ. ಗುಂಪಿನ ಸಾಮಾನಿನಲ್ಲಿ ನಮ್ಮ ಪಾಲನ್ನು ಕೇಳಿ ಹೊರೋಣ. ಜಪಸರದ ಒಂದು ಹತ್ತನ್ನು ಕನ್ನಡದಲ್ಲಿ ನಡೆಸಲು ಅವಕಾಶ ಕೇಳೋಣ, ಉಳಿದವನ್ನು ಅವರ ಭಾಷೆಯಲ್ಲಿ ಅವರ ಜತೆ ಹೇಳೋಣ.

ವೇಳಾಂಕಣ್ಣಿಯ ಪರಂಪರೆಯಲ್ಲಿ ಇಬ್ಬರು ಹುಡುಗರ ಕಥೆಯಿದೆ. ಒಬ್ಬ ಹಾಲು ಹೊತ್ತು ಹೋಗುತ್ತಿದ್ದ, ಇನ್ನೊಬ್ಬ ಕಾಲು ಊನವಾಗಿದ್ದ ಹುಡುಗ ಮಜ್ಜಿಗೆ ಮಾರುತ್ತಿದ್ದ. ಕಂದನನ್ನು ಎತ್ತಿಕೊಂಡು ಬಂದ ತಾಯಿ ಇಬ್ಬರ ಹತ್ತಿರವೂ ತನ್ನ ಮಗುವಿಗಾಗಿ ಕೇಳಿದಳು. ಇಬ್ಬರೂ ಕೊಟ್ಟರು. ಅವರ ಬಳಿ ಏನೂ ಇಲ್ಲದಿದ್ದರೆ ಕೊಡಲು ಆಗುತ್ತಿರಲಿಲ್ಲ. ಕೊಡಲು ನಿಲ್ಲಲಾರದಷ್ಟು ಹೊತ್ತಿದ್ದರೂ ಆಗುತ್ತಿರಲಿಲ್ಲ.

ಆದ್ದರಿಂದ ಈ ಸಲ ಹೊರಡುವವರು ಚೀಲವನ್ನು ತೂಕಕ್ಕೆ ಇಡಲಿ. ನಮ್ಮ ಹೊರೆ ಅದರಲ್ಲಿ ಪೂರ್ತಿ ಇರಲಿ, ಅದಕ್ಕಿಂತ ಹೆಚ್ಚು ಬೇಡ. ಒಂದರ್ಧ ಕಿಲೋದಷ್ಟು ಜಾಗ ಬೇಕೆಂದೇ ಖಾಲಿ ಬಿಡೋಣ. ಮೂರನೇ ದಿನವೋ ನಾಲ್ಕನೇ ದಿನವೋ, ಕಾಲಲ್ಲಿ ಬೊಕ್ಕೆ ಎದ್ದು ಹಿಂದುಳಿದ ಯಾರದೋ ನೀರಿನ ಬಾಟಲಿ ಆ ಜಾಗಕ್ಕೆ ಬರುತ್ತದೆ. ಮನೆಯಲ್ಲೇ ಉಳಿಯುವವರಿಗೂ ಇದೇ ಮಾತು ಅನ್ವಯಿಸುತ್ತದೆ: ನಮ್ಮ ದಿನಗಳನ್ನು ಕಂಠಮಟ್ಟ ತುಂಬಿಸಿಕೊಂಡರೆ ನೆರೆಮನೆಯವರ ಭಾರಕ್ಕೆ ನಮ್ಮಲ್ಲಿ ಎಡೆಯೇ ಇರುವುದಿಲ್ಲ.

ಯಾತ್ರಿಕರೆಲ್ಲರಿಗೂ ಶುಭವಾಗಲಿ. ಆರೋಗ್ಯ ಮಾತೆ ನಮಗಾಗಿ ಪ್ರಾರ್ಥಿಸಲಿ.